ಸೊಂಟದಲ್ಲಿ ಎರಡು ಕಿಲೋ

"ನಿನ್ನ ತಕ್ಕಡಿ ತಿನ್ನುತ್ತೆ ಕಣಪ್ಪ," ಎಂದಳು ಅಜ್ಜಿ. "ಮನೇಲಿ ಎತ್ತುವಾಗ ತೋಳು ಕಿತ್ತು ಬರೋ ಹಾಗಿತ್ತು ಈ ಪೇಪರ್ ಕಟ್ಟು. ಇಲ್ಲಿಗೆ ಬಂದು ಕೂತಿದ್ದೇ ತಡ, ಹತ್ತಿ ಆಗೋಯ್ತು."

"ತೋಳೇನು ತಕ್ಕಡಿನಾ ಅಜ್ಜಿ? ವಯಸ್ಸಾಯ್ತು ಅಂದ್ರೆ ಎಲ್ಲಾ ಭಾರಾನೇ."

"ಭಾರದ ಮಾತು ಯಾರ ಬಾಯಲ್ಲಿ ಬರ್ತಿದೆ ನೋಡ್ರಪ್ಪ," ಎಂದು ಅಜ್ಜಿ ಸುತ್ತ ಇದ್ದವರ ಕಡೆ ತಿರುಗಿದಳು. ಗುಜರಿ ಅಂಗಡಿಯಲ್ಲಿ ನಗಲು ತೂಕ ಹಾಕುವವನ ಮೈ ಬಿಟ್ಟು ಎರಡನೇ ಕಾರಣ ಯಾರಿಗೂ ಬೇಕಿರಲಿಲ್ಲ. ಎಲ್ಲರೂ ನಕ್ಕರು.

ತೂಕ ಹಾಕುವವನೂ ನಕ್ಕ. ಹನ್ನೊಂದು ವರ್ಷದಿಂದ ಆ ಅಂಗಡಿಯಲ್ಲಿ ಹಳೇ ಪೇಪರು, ಬಾಟಲಿ, ತುಕ್ಕು ಕಬ್ಬಿಣ ತೂಗುತ್ತಿದ್ದವನಿಗೆ ಎಲ್ಲರೂ ಇಟ್ಟ ಹೆಸರು ಕ್ವಿಂಟಾಲು. ತನ್ನ ಮೈಯ ಬಗ್ಗೆ ಯಾರೇನು ಅಂದರೂ ಅವನು ನುಂಗಿಕೊಳ್ಳುತ್ತಿದ್ದ. ತಕ್ಕಡಿಯ ಬಗ್ಗೆ ಅಂದರೆ ಮಾತ್ರ ಸಹಿಸುತ್ತಿರಲಿಲ್ಲ. ಪ್ರಪಂಚದಲ್ಲಿ ತನ್ನದು ಅಂತ ಅವನು ಹೆಮ್ಮೆ ಪಡಲು ಇದ್ದದ್ದೇ ಎರಡು: ಎಂಟು ವರ್ಷದ ಮಗಳು ಮತ್ತು ಸಾಹುಕಾರರ ಆ ಎಲೆಕ್ಟ್ರಾನಿಕ್ ತಕ್ಕಡಿ.

"ಇಲ್ಲಿ ಕೇಳು ಅಜ್ಜಿ. ನನ್ನ ಮಗಳಾಣೆ, ಈ ತಕ್ಕಡಿ ಒಂದು ಗ್ರಾಂ ಸುಳ್ಳು ಹೇಳಲ್ಲ."

ಒಳಗೆ ಮೇಜಿನ ಹಿಂದೆ ಕೂತಿದ್ದ ಸಾಹುಕಾರರು ಯಾರೂ ಕೇಳದಿದ್ದರೂ, "ನಮ್ಮ ತಕ್ಕಡಿ ಅಂದ್ರೆ ಬಂಗಾರ ತೂಗಬಹುದು ಕಣಮ್ಮ," ಎಂದು ದನಿ ಎತ್ತಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ ಎಂಬ ಮಾತು ಅಲ್ಲಿದ್ದ ಯಾರಿಗಾದರೂ ನೆನಪಾಗಬೇಕಿತ್ತು. ಆಗಲಿಲ್ಲ.

ಅವತ್ತು ಕ್ವಿಂಟಾಲಿಗೆ ಅರ್ಧ ದಿನ ರಜೆ. ಹೊಟ್ಟೆಯನ್ನು ಕತ್ತರಿಸಿ ಚಿಕ್ಕದು ಮಾಡುವ ಆಪರೇಷನ್ನಿಗೆ ಕಾರ್ಮಿಕರ ಆರೋಗ್ಯ ಯೋಜನೆಯಲ್ಲಿ ಹೆಸರು ಬರೆಸಿ ಎರಡು ವರ್ಷ ಕಾದಿದ್ದ. ಸೋಮವಾರ ಅವನ ಸರದಿ. ಅದಕ್ಕೆ ಮೊದಲು ಮನಸ್ಸಿನ ಡಾಕ್ಟರು ಅವನನ್ನು ಕೂರಿಸಿ ಮಾತಾಡಿಸಿ, ಈ ಮನುಷ್ಯನ ತಲೆ ನೆಟ್ಟಗಿದೆ ಎಂದು ಬರೆದುಕೊಡಬೇಕು. ಆ ಕಾಗದ ಇವತ್ತು ನಾಲ್ಕು ಗಂಟೆಯೊಳಗೆ ಕೌಂಟರಿಗೆ ಹೋಗದಿದ್ದರೆ ಸರದಿ ಹಿಂದಿನವನ ಪಾಲು.

ಅವನಿಗೆ ಸಣ್ಣಗಾಗುವ ಷೋಕಿಯೇನೂ ಇರಲಿಲ್ಲ. ಅವನಿಗೆ ಬೇಕಿದ್ದದ್ದು ತನ್ನ ಬೂಟಿನ ಲೇಸು. ಗುಜರಿಯಲ್ಲಿ ಬೂಟಿಲ್ಲದೆ ನಡೆದರೆ ಸಂಜೆಗೆ ಕಾಲಲ್ಲಿ ಮೊಳೆ ಹುಡುಕಬೇಕು. ಬೂಟು ಅಂದಮೇಲೆ ಲೇಸು. ಲೇಸು ಅಂದಮೇಲೆ ಬಗ್ಗಬೇಕು. ಬಗ್ಗಿದರೆ ಹೊಟ್ಟೆ ಎದೆಗೆ ಬಂದು ಉಸಿರಿನ ಬಾಗಿಲಿಗೆ ಅಗಳಿ ಹಾಕುತ್ತಿತ್ತು. ಹಾಗಾಗಿ ದಿನಾ ಬೆಳಗ್ಗೆ ಮಗಳೇ ಕಟ್ಟುತ್ತಿದ್ದಳು, ಗೇಟಿನ ಹತ್ತಿರ ಕಟ್ಟೆಯ ಮೇಲೆ ಅಪ್ಪನನ್ನು ಕೂರಿಸಿ. ಒಂದು ದಿನ ಅವಳ ಶಾಲೆಯ ಗೆಳತಿಯರು ಅದನ್ನು ಕಂಡು ಕಿಸಕ್ಕೆಂದರು. ಮಾರನೇ ದಿನದಿಂದ ಮಗಳು ಒಳಗೇ ಕಟ್ಟತೊಡಗಿದಳು, ಮೊದಲು ಬಾಗಿಲು ಹಾಕಿಬಂದು. ಆ ಬಾಗಿಲು ಮುಚ್ಚುವ ಸದ್ದು ಅವನ ಎದೆಯಲ್ಲಿ ಮೊಳೆಯ ಹಾಗೆ ಕೂತಿತ್ತು.

ಅಷ್ಟರಲ್ಲಿ ಅವನ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಬಂದರು. ನಿವೃತ್ತರಾಗಿ ಒಂಬತ್ತು ವರ್ಷವಾದರೂ ಅವರ ಬೆರಳಿಗೆ ಕೆಂಪು ಪೆನ್ನಿನ ಚಟ ಬಿಟ್ಟಿರಲಿಲ್ಲ. ಬೀದಿಯಲ್ಲಿ ಯಾರ ಮನೆಯ ಮದುವೆ ಕಾಗದ ಬಂದರೂ ತಿದ್ದಿ ವಾಪಸು ಕೊಡುತ್ತಿದ್ದರು. ಆರು ತಿಂಗಳಿಂದ ಕ್ವಿಂಟಾಲನ್ನು ದಿನಾ ಬೆಳಗ್ಗೆ ವಾಕಿಂಗಿಗೆ ಎಬ್ಬಿಸಿಕೊಂಡು ಹೋಗುತ್ತಿದ್ದವರೂ ಅವರೇ. ನಡೆಯುವಾಗ ಮಾತು ಕೇಳಲು ಒಬ್ಬರು ಬೇಕಲ್ಲ, ಓಡಿಹೋಗಲಾರದವರು. ಕೈಯಲ್ಲಿ ಯೋಜನೆಯ ಪುಸ್ತಕವಿತ್ತು, ಅದಕ್ಕೂ ಕೆಂಪು ಗೀರು.

"ಎಂಟನೇ ನಿಯಮ ಓದಿದ್ದೀಯೇನೋ?"

"ಇಲ್ಲ ಸಾರ್."

"ಓದಲ್ಲ. ಯಾರೂ ಓದಲ್ಲ. ಕೇಳಿಲ್ಲಿ. ಮನೋಪರೀಕ್ಷೆಯ ದಿನ ರೋಗಿಯ ತೂಕ ನೂರಾ ಇಪ್ಪತ್ತು ಕಿಲೋಗೆ ಕಡಿಮೆ ಇದ್ದಲ್ಲಿ ಅರ್ಜಿ ತಿರಸ್ಕೃತ. ಆರು ತಿಂಗಳ ಹಿಂದೆ ನೀನು ನೂರಾ ಇಪ್ಪತ್ನಾಲ್ಕು. ಆಮೇಲೆ ನಾನು ನಿನ್ನನ್ನ ನಡೆಸಿದೀನಿ. ಈಗೆಷ್ಟು?"

ಕ್ವಿಂಟಾಲು ಅಜ್ಜಿಯ ಕಟ್ಟನ್ನು ಇಳಿಸಿ ತಾನೇ ತಕ್ಕಡಿ ಹತ್ತಿ ನಿಂತ. ಕೆಂಪು ಅಂಕಿಗಳು ಅಲ್ಲಾಡಿ ನಿಂತವು. ನೂರಾ ಹದಿನೆಂಟು ಕಿಲೋ ಇನ್ನೂರು ಗ್ರಾಂ.

"ಕಡಿಮೆ ಆಗಿದೆ," ಎಂದ ಅವನು. ಮನೆಗೆ ಬೆಂಕಿ ಬಿದ್ದಿದೆ ಎನ್ನುವ ದನಿಯಲ್ಲಿ.

"ನೋಡಿದ್ಯಾ, ನನ್ನ ವಾಕಿಂಗಿನ ಫಲ," ಎಂದರು ಮೇಷ್ಟ್ರು. ಅವನ ಎರಡು ವರ್ಷದ ಕಾಯುವಿಕೆಯನ್ನು ತಾವೇ ಮಣ್ಣುಪಾಲು ಮಾಡಿದ್ದೇವೆ ಎಂಬುದು ಅವರ ಮುಖದಲ್ಲಿ ಹೆಮ್ಮೆಯಾಗಿ ಅರಳಿತು.

"ತಕ್ಕಡಿ ಏನಾದ್ರೂ ಹೆಚ್ಚು ಕಮ್ಮಿ..." ಎಂದ ಕ್ವಿಂಟಾಲು ಸಾಹುಕಾರರ ಕಡೆ ನೋಡುತ್ತ. ಹನ್ನೊಂದು ವರ್ಷದಲ್ಲಿ ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು.

ಸಾಹುಕಾರರು ಅವನನ್ನು ನೋಡಿದರು, ತಕ್ಕಡಿಯನ್ನು ನೋಡಿದರು, ತಕ್ಕಡಿಯ ಪಕ್ಕದಲ್ಲೇ ಕಿವಿ ನಿಮಿರಿಸಿ ನಿಂತಿದ್ದ ಅಜ್ಜಿಯನ್ನು ನೋಡಿದರು. ಒಂದು ಸಲ ಬಾಯಿ ತೆರೆದು ಮುಚ್ಚಿದರು. "ನಮ್ಮ ತಕ್ಕಡಿ ಸುಳ್ಳು ಹೇಳಲ್ಲ ಕಣೋ," ಎಂದರು ಕೊನೆಗೆ. "ಆದ್ರೆ ಅದಕ್ಕೇನಂತೆ. ಎರಡು ಕಿಲೋನೂ ಇಲ್ಲ ತಾನೆ. ಇಟ್ಕೊಂಡು ಹೋಗು."

ಎದ್ದು ಬೀರುವಿನಿಂದ ಎರಡು ಹಿತ್ತಾಳೆಯ ತೂಕದ ಬಟ್ಟು ತಂದರು. ಒಂದೊಂದೂ ಒಂದು ಕಿಲೋ, ಮೇಲೆ ಸರ್ಕಾರದ ಮುದ್ರೆ. ಇನ್‌ಸ್ಪೆಕ್ಟರು ಬಂದಾಗ ತೋರಿಸಲು ಮಾತ್ರ ಹೊರಗೆ ಬರುತ್ತಿದ್ದ ಬಟ್ಟುಗಳು; ಮಿಕ್ಕ ದಿನ ಮೆತ್ತನೆ ಬಟ್ಟೆಯಲ್ಲಿ ಮಲಗಿರುತ್ತಿದ್ದವು.

"ಸುಳ್ಳು ಹೇಳ್ಬೇಕಾ ಸಾಹುಕಾರ್ರೇ?"

"ಸುಳ್ಳೇನು ಬಂತು? ನೀನು ಬಾಯಿ ಬಿಡಬೇಡ. ಹಿತ್ತಾಳೆ ತಾನೆ ಮಾತಾಡೋದು. ಅಲ್ಲಿ ನೋಡೋದು ತಲೆ ಕಣೋ, ಸೊಂಟ ಯಾರು ನೋಡ್ತಾರೆ?"

ಪೇಪರು ಪ್ಲಾಸ್ಟಿಕ್ಕು ವಿಂಗಡಿಸುವ ಅಕ್ಕ ಒಂದು ಹಳೇ ಸೈಕಲ್ ಟ್ಯೂಬು ಎತ್ತಿಕೊಂಡು ಬಂದಳು. ಅಂಗಡಿಯ ಹಿಂದೆ ಅವನ ಅಂಗಿ ಎತ್ತಿಸಿ, ಬಟ್ಟುಗಳನ್ನು ಟವಲಿನಲ್ಲಿ ಸುತ್ತಿ ಹೊಟ್ಟೆಗಿಟ್ಟು, ಟ್ಯೂಬನ್ನು ಮೂರು ಸುತ್ತು ಸುತ್ತಿ ಗಂಟು ಹಾಕಿದಳು. ಹಾಕುವಾಗ ಬೆನ್ನಿಗೆ ಮೊಣಕಾಲು ಕೊಟ್ಟಳು, ಹಾಸಿಗೆ ಸುರುಳಿ ಕಟ್ಟುವ ಹಾಗೆ.

"ಒಂದು ಮಾತು ಜ್ಞಾಪಕ ಇಟ್ಕೋ," ಎಂದಳು ಅಕ್ಕ. "ನನ್ನ ಮೈದುನನಿಗೂ ಮನಸ್ಸಿನ ಟೆಸ್ಟು ಮಾಡಿದ್ರು. ಮಸಿ ಚೆಲ್ಲಿದ ಕಾಗದ ತೋರಿಸಿ ಏನು ಕಾಣುತ್ತೆ ಅಂತಾರೆ. ಚಿಟ್ಟೆ ಅನ್ನು. ಏನೇ ತೋರಿಸ್ಲಿ, ಚಿಟ್ಟೆ. ನಮ್ಮವನು ಅತ್ತಿಗೆ ಮುಖ ಅಂದ. ಮೂರು ತಿಂಗಳು ಮಾತ್ರೆ ನುಂಗಿದ."

"ಸಾಯಂಕಾಲ ಬಾಟಲಿ ತರ್ತೀನಿ," ಎಂದು ಅಜ್ಜಿ ಖಾಲಿ ತಳ್ಳುಗಾಡಿ ಹಿಡಿದು ಹೊರಟಳು. "ಅಷ್ಟರಲ್ಲಿ ನಿನ್ನ ತಲೇನಾದ್ರೂ ಸರಿಯಾಗಿ ತೂಗಿಸ್ಕೊಂಡು ಬಾ."

ಬಸ್ಸಿನಲ್ಲಿ ಮೇಷ್ಟ್ರು ಅವನ ಪಕ್ಕ ಕೂತು, ಅಂದರೆ ಅವನು ಬಿಟ್ಟಷ್ಟು ಜಾಗದಲ್ಲಿ ನೇತಾಡಿ, ಒಂದು ಹಾಳೆ ತೆಗೆದರು. ಇಪ್ಪತ್ತೆರಡು ಪ್ರಶ್ನೆ, ಇಪ್ಪತ್ತೆರಡು ಮಾದರಿ ಉತ್ತರ.

"ಬಾಯಿಪಾಠ ಮಾಡು. ಒಂದನೇದು?"

"ಇಲ್ಲ, ನನಗೆ ಅಂಥ ಯೋಚನೆ ಎಂದೂ ಬಂದಿಲ್ಲ."

"ಎರಡನೇದು?"

"ಹಸಿವಾದಾಗ ಮಾತ್ರ, ಅದೂ ಮಿತವಾಗಿ."

"ಭೇಷ್. ಪ್ರಶ್ನೆ ಬಿಟ್ಟಾಕು. ಉತ್ತರ ಗೊತ್ತಿದ್ರೆ ಸಾಕು. ನಲವತ್ತು ವರ್ಷ ನಾನು ಕಲಿಸಿದ್ದೇ ಹಾಗೆ."

ನಲವತ್ತು ವರ್ಷ ಅವರ ಕೈಯಲ್ಲಿ ಕಲಿತವರು ಏನಾದರು ಎಂದು ಕ್ವಿಂಟಾಲು ಕೇಳಬಹುದಿತ್ತು. ಅವನು ಕೇಳುವ ಜಾತಿಯವನಾಗಿದ್ದರೆ ಹೊಟ್ಟೆಗೆ ಟ್ಯೂಬು ಸುತ್ತಿಕೊಂಡು ಬಸ್ಸಿನಲ್ಲಿ ಕೂರುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಮೊದಲು ತೂಕ. ನರ್ಸಮ್ಮ ಬೂಟು ಬಿಚ್ಚಿ ಎಂದಳು. ಮೇಷ್ಟ್ರು ಮುಖ ಆ ಕಡೆ ತಿರುಗಿಸಿದರು. ಗುರುವಾದವನು ಶಿಷ್ಯನ ಬೂಟಿಗೆ ಕೈ ಹಾಕುವುದುಂಟೆ? ಕೊನೆಗೆ ನರ್ಸೇ ಲೇಸು ಸಡಿಲಿಸಿದಳು. ಅವನು ತಕ್ಕಡಿ ಹತ್ತಿದ. ನೂರಾ ಇಪ್ಪತ್ತಮೂರು ಕಿಲೋ ಇನ್ನೂರು ಗ್ರಾಂ.

ಕ್ವಿಂಟಾಲು ಮನಸ್ಸಿನಲ್ಲೇ ಕೂಡಿದ. ನೂರಾ ಹದಿನೆಂಟಕ್ಕೆ ಎರಡು ಸೇರಿದರೆ ನೂರಾ ಇಪ್ಪತ್ತು. ಮೇಲಿನ ಮೂರು ಕಿಲೋ ಎಲ್ಲಿಂದ ಬಂತು? ಮರುಗಳಿಗೆಯೇ ಅವನಿಗೆ ಉತ್ತರ ಹೊಳೆಯಿತು, ಮತ್ತು ಅದರ ಜೊತೆ ಒಂದು ಸಣ್ಣ ತಾತ್ಸಾರವೂ ತುಟಿಗೆ ಬಂತು. ಎಷ್ಟಾದರೂ ಆಸ್ಪತ್ರೆಯವರು. ತೂಕದ ಕಸುಬು ಇವರಿಗೇನು ಗೊತ್ತು? ಕೋಟಿ ಸುರಿದು ಕಟ್ಟಡ ಕಟ್ಟಿದ್ದಾರೆ, ಒಂದು ಸರಿಯಾದ ತಕ್ಕಡಿ ಇಟ್ಟಿಲ್ಲ.

"ನಿಮ್ಮ ಮಷೀನು ಮೂರು ಕಿಲೋ ಜಾಸ್ತಿ ತೋರಿಸುತ್ತಮ್ಮ," ಎಂದ ಮೆಲ್ಲಗೆ, ಒಬ್ಬ ಕಸುಬುದಾರ ಇನ್ನೊಬ್ಬರಿಗೆ ಹೇಳುವ ಹಾಗೆ.

"ಎಲ್ಲರೂ ಹಾಗೇ ಅಂತಾರೆ," ಎಂದಳು ನರ್ಸು.

ಮನಸ್ಸಿನ ಡಾಕ್ಟರು ಐವತ್ತು ದಾಟಿದ ಹೆಂಗಸು. ಮೂಗಿನ ತುದಿಯಲ್ಲಿ ಕನ್ನಡಕ, ಮಡಿಲಲ್ಲಿ ಫೈಲು. ಅವನಿಗೆ ಕೂರಲು ತೋರಿಸಿದ್ದು ಒಂದು ಮೆತ್ತನೆ ಸೋಫಾ. ಕೂತವನು ಕೆಸರಿಗೆ ಇಳಿದ ಎಮ್ಮೆಯ ಹಾಗೆ ಒಳಗೆ ಹೋದ. ಟ್ಯೂಬು ಒಂದು ಸುತ್ತು ಕಿರ್ರೆಂದಿತು.

"ಮನೇಲಿ ಯಾರ್ಯಾರಿದೀರಿ?" ಎಂದರು ಡಾಕ್ಟರು.

"ಇಲ್ಲ, ನನಗೆ ಅಂಥ ಯೋಚನೆ ಎಂದೂ ಬಂದಿಲ್ಲ."

ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು. "ಮಕ್ಕಳಿದ್ದಾರಾ?"

"ಹಸಿವಾದಾಗ ಮಾತ್ರ, ಅದೂ ಮಿತವಾಗಿ."

ಡಾಕ್ಟರು ಫೈಲು ಮುಚ್ಚಿದರು. "ಹೊರಗೆ ಕೆಂಪು ಪೆನ್ನು ಇಟ್ಕೊಂಡು ಒಬ್ಬರು ಕೂತಿದ್ದಾರಲ್ಲ, ಅವರು ಹೇಳಿಕೊಟ್ಟಿದ್ದಾ?"

ಇದು ಹಾಳೆಯಲ್ಲಿ ಇರಲಿಲ್ಲ. ಕ್ವಿಂಟಾಲಿನ ಕೈಯಲ್ಲಿ ಉಳಿದಿದ್ದದ್ದು ಒಂದೇ ಅಸ್ತ್ರ.

"ಚಿಟ್ಟೆ," ಎಂದ.

ಡಾಕ್ಟರು ನೀರಿನ ಲೋಟ ಅವನ ಕಡೆ ಸರಿಸಿದರು. ಅದನ್ನು ತೆಗೆದುಕೊಳ್ಳಲು ಅವನು ಮುಂದಕ್ಕೆ ಬಾಗಿದ. ಅಕ್ಕ ಹಾಕಿದ ಗಂಟು ಅಷ್ಟು ಹೊತ್ತು ತಾಳಿದ್ದೇ ದೊಡ್ಡದು. ಟ್ಯೂಬು ಚಟಾರನೆ ಬಿಟ್ಟುಕೊಂಡಿತು. ಅಂಗಿಯ ಕೆಳಗಿಂದ ಮೊದಲು ಟವಲು ಇಳಿಯಿತು, ಅದರ ಹಿಂದೆ ಒಂದು ಬಟ್ಟು ಧಡ್ ಎಂದು ನೆಲಕ್ಕೆ ಬಿತ್ತು, ಇನ್ನೊಂದು ಉರುಳುತ್ತಾ ಉರುಳುತ್ತಾ ಮೇಜಿನ ಕೆಳಗಿಂದ ಹಾದು ಡಾಕ್ಟರ ಚಪ್ಪಲಿಗೆ ತಾಗಿ ನಿಂತಿತು.

ಡಾಕ್ಟರು ಬಗ್ಗಿ, ಸಲೀಸಾಗಿ ಬಗ್ಗಿ, ಅದನ್ನು ಎತ್ತಿಕೊಂಡರು. ಮುದ್ರೆ ಓದಿದರು.

"ಇದು ನಿಮ್ಮದಾ?"

"ಅಲ್ಲ ಮೇಡಂ. ಸಾಹುಕಾರರದ್ದು."

ಆಮೇಲೆ ಅವನಿಗೆ ಹಾಳೆಯೂ ನೆನಪಿರಲಿಲ್ಲ, ಚಿಟ್ಟೆಯೂ ಇರಲಿಲ್ಲ. ಎಂಟನೇ ನಿಯಮ, ನೂರಾ ಹದಿನೆಂಟು, ಟ್ಯೂಬು, ಎಲ್ಲಾ ಒಂದೇ ಉಸಿರಿಗೆ ಹೇಳಿದ. ಯಾಕೆ ಇಷ್ಟೆಲ್ಲಾ ಎಂದು ಅವರು ಕೇಳಿದಾಗ ಲೇಸಿನ ಕತೆಯನ್ನೂ ಹೇಳಿದ, ಬಾಗಿಲು ಮುಚ್ಚುವ ಸದ್ದನ್ನೂ. ಹೇಳಿ ಮುಗಿಸಿದಾಗ ಮೂಗು ಒರೆಸಿಕೊಳ್ಳಲು ಕೈಗೆ ಸಿಕ್ಕಿದ್ದು ಹಿತ್ತಾಳೆ ಸುತ್ತಿದ್ದ ಟವಲು.

"ಬೆಳಗ್ಗೆಯಿಂದ ಈ ಕುರ್ಚಿಯಲ್ಲಿ ಕೂತು ನಾನು ಕೇಳಿದ ಮೊದಲ ನಿಜ ಇದು," ಎಂದರು ಡಾಕ್ಟರು. "ನಿಮ್ಮ ಮನಸ್ಸು ಆರೋಗ್ಯವಾಗಿದೆ. ಸುತ್ತಮುತ್ತಲಿನವರ ಬಗ್ಗೆ ನನಗೆ ಅನುಮಾನ ಇದೆ, ಆದ್ರೆ ಅವರದ್ದು ನನ್ನ ಕೆಲಸ ಅಲ್ಲ. ಬನ್ನಿ, ಇನ್ನೊಂದು ಸಲ ತೂಕ ನೋಡೋಣ. ನಿಜವಾದದ್ದು."

ಕ್ವಿಂಟಾಲು ತಲೆ ತಗ್ಗಿಸಿ ತಕ್ಕಡಿ ಹತ್ತಿದ. ನರ್ಸು ಓದಿದಳು: "ನೂರಾ ಇಪ್ಪತ್ತೊಂದು ಇನ್ನೂರು."

"ಅದು ತಪ್ಪು," ಎಂದ ಅವನು ತಕ್ಷಣ. "ನಾನು ಆಗಲೇ ಹೇಳಿದೆ. ಇದು ಮೂರು ಕಿಲೋ ಜಾಸ್ತಿ ತೋರಿಸುತ್ತೆ. ನಮ್ಮ ತಕ್ಕಡಿ ಸುಳ್ಳು ಹೇಳಲ್ಲ. ಬೇಕಾದ್ರೆ ಈಗಲೇ ತೋರಿಸ್ತೀನಿ."

ಇಳಿದು, ಡಾಕ್ಟರ ಕೈಯಿಂದ ಎರಡೂ ಬಟ್ಟುಗಳನ್ನು ಇಸಿದುಕೊಂಡು, ಹನ್ನೊಂದು ವರ್ಷದ ಕಸುಬುದಾರಿಕೆಯ ಠೀವಿಯಿಂದ ತಕ್ಕಡಿಯ ನಡುಮಧ್ಯೆ ಇಟ್ಟ. ಅಂಕಿಗಳು ಅಲ್ಲಾಡಿ ನಿಂತವು. ಎರಡು ಕಿಲೋ. ಒಂದು ಗ್ರಾಂ ಹೆಚ್ಚಿಲ್ಲ, ಒಂದು ಗ್ರಾಂ ಕಮ್ಮಿಯಿಲ್ಲ.

ನಲವತ್ತು ಕಿಲೋದ ನರ್ಸಮ್ಮನನ್ನು ನಿಲ್ಲಿಸಿ ನೋಡಿದ. ಅವಳ ಮೇಲೆ ಬಟ್ಟು ಹೇರಿ ನೋಡಿದ. ಸರಿಯಾಗಿ ಎರಡು ಏರಿತು. ಅವನ ಮುಖದಿಂದ ಬಣ್ಣ ಒಂದೊಂದೇ ಗ್ರಾಮಾಗಿ ಇಳಿಯಿತು.

"ಹಾಗಾದ್ರೆ," ಎಂದ, "ನಾನು ನಿಜವಾಗ್ಲೂ ನೂರಾ ಇಪ್ಪತ್ತೊಂದಾ?"

"ಹೌದು. ಈ ಹಿತ್ತಾಳೆ ಇಲ್ಲದೆ ಬಂದಿದ್ರೆ ಈಗ ಕಾಗದ ನಿಮ್ಮ ಕೈಯಲ್ಲಿರ್ತಿತ್ತು," ಎಂದರು ಡಾಕ್ಟರು. ಫೈಲು ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. "ಹದಿನಾಲ್ಕನೇ ನಿಯಮದ ಪ್ರಶ್ನೆ. ತೂಕದ ವಿಷಯದಲ್ಲಿ ರೋಗಿ ವೈದ್ಯರಿಗೆ ಮೋಸ ಮಾಡಲು ಪ್ರಯತ್ನಿಸಿದ್ದಾನೆಯೇ? ನಾನು ಹೌದು ಅಂತ ಬರೀಲೇಬೇಕು. ಹೌದು ಅಂದ್ರೆ ಒಂದು ವರ್ಷ ಮುಂದಕ್ಕೆ. ನಿಮಗೆ ಆಗಲೇ ಇದ್ದದ್ದನ್ನ ಪಡೆಯೋಕೆ ನೀವು ಸುಳ್ಳು ಹೇಳಿದಿರಿ. ಇಂಥದ್ದು ನಾನೂ ಇದೇ ಮೊದಲು ನೋಡ್ತಿರೋದು."

ಹೊರಗೆ ಮೇಷ್ಟ್ರು ಪುಸ್ತಕದಲ್ಲಿ ಹದಿನಾಲ್ಕನ್ನು ಹುಡುಕಿದರು. "ಅರೆ, ಇದನ್ನ ನೋಡೇ ಇರಲಿಲ್ಲ ಕಣೋ," ಎಂದು ಅದರ ಕೆಳಗೆ ಅಚ್ಚುಕಟ್ಟಾಗಿ ಕೆಂಪು ಗೀರು ಎಳೆದರು.

ಕ್ವಿಂಟಾಲು ಗುಜರಿಗೆ ಬಂದಾಗ ಸಂಜೆಯ ಗಿರಾಕಿಗಳು ಸಾಲು ನಿಂತಿದ್ದರು. ಎಲ್ಲರಿಗಿಂತ ಮುಂದೆ ಅಜ್ಜಿ, ಬಾಟಲಿ ತುಂಬಿದ ತಳ್ಳುಗಾಡಿ. ಆಸ್ಪತ್ರೆಯಲ್ಲಿ ನರ್ಸು ಅವಸರದಲ್ಲಿ ಕಟ್ಟಿದ್ದ ಎಡಗಾಲಿನ ಲೇಸು ದಾರಿಯಲ್ಲೇ ಬಿಚ್ಚಿಹೋಗಿ ಅವನ ಹಿಂದೆ ಮರಿಹಾವಿನಂತೆ ಹರಿದು ಬರುತ್ತಿತ್ತು. ಅವನು ನೇರವಾಗಿ ಒಳಗೆ ಹೋಗಿ ಬಟ್ಟುಗಳನ್ನು ಸಾಹುಕಾರರ ಮೇಜಿನ ಮೇಲಿಟ್ಟ.

"ಆಯ್ತೇನೋ?"

"ಆಸ್ಪತ್ರೇಲಿ ಇವು ಸರಿಯಾಗಿ ಎರಡು ಕಿಲೋ ಬಂದ್ವು. ನಾನು ನೂರಾ ಇಪ್ಪತ್ತೊಂದು ಬಂದೆ."

ಸಾಹುಕಾರರು ಸಾಲಿನ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದರು. "ಮೆಲ್ಲಗೆ ಮಾತಾಡೋ. ಬೆಳಗ್ಗೇನೇ ಹೇಳೋಣ ಅಂದ್ಕೊಂಡೆ ಕಣೋ. ನೂರಕ್ಕೆ ಎರಡೂವರೆ, ಅಷ್ಟೇ. ಏನ್ಮಾಡ್ಲಿ, ಆ ಮುದುಕಿ ಪಕ್ಕದಲ್ಲೇ ನಿಂತಿದ್ಲು. ಅವಳ ಮುಂದೆ ಹೇಗೆ ಹೇಳೋದು? ವ್ಯಾಪಾರದ ಮರ್ಯಾದೆ ಪ್ರಶ್ನೆ. ಅದಕ್ಕೇ ಅಲ್ವಾ ಅಸಲಿ ಬಟ್ಟು ಕೊಟ್ಟು ಕಳಿಸಿದ್ದು."

"ನನ್ನ ಆಪರೇಷನ್ ಒಂದು ವರ್ಷ ಮುಂದಕ್ಕೆ ಹೋಯ್ತು ಸಾಹುಕಾರ್ರೇ."

"ಒಂದು ವರ್ಷ ತಾನೆ? ಕಣ್ಣು ಮುಚ್ಚಿ ಬಿಡೋದ್ರೊಳಗೆ ಹೋಗುತ್ತೆ. ಹೋಗು, ಗಿರಾಕಿ ಕಾಯ್ತಿದ್ದಾರೆ."

ಕ್ವಿಂಟಾಲು ಹೋಗಿ ತಕ್ಕಡಿಯ ಪಕ್ಕ ನಿಂತ. ಅಜ್ಜಿಯ ಬಾಟಲಿ ಮೂಟೆ ಎತ್ತಿಟ್ಟ. ಹತ್ತೊಂಬತ್ತೂವರೆ.

"ಎಷ್ಟಪ್ಪ?"

"ಇಪ್ಪತ್ತು," ಎಂದ.

"ಲೇ, ಹತ್ತೊಂಬತ್ತೂವರೆ ಅಲ್ವೇನೋ?" ಎಂದರು ಒಳಗಿಂದ ಸಾಹುಕಾರರು.

"ಇಪ್ಪತ್ತು. ಅರ್ಧ ಕಿಲೋ ತಕ್ಕಡಿ ತಿಂದಿದೆ."

ಕ್ವಿಂಟಾಲು ಎದೆಯುಬ್ಬಿಸಿ ನಿಂತ. ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ದೊಡ್ಡ ಕೆಲಸ ಮಾಡಿದ ಭಾವ ಅವನಿಗೆ. ಈಗ ಅಜ್ಜಿ ಕಣ್ತುಂಬಿ ಹರಸುತ್ತಾಳೆ ಎಂದು ಕಾದ. ಅಜ್ಜಿ ಬೆರಳು ಮಡಿಸುತ್ತಿದ್ದಳು.

"ವಾರಕ್ಕೆ ಅರ್ಧ ಕಿಲೋ. ವರ್ಷಕ್ಕೆ ಇಪ್ಪತ್ತಾರು. ಹನ್ನೊಂದು ವರ್ಷಕ್ಕೆ ಇನ್ನೂರ ಎಂಬತ್ತಾರು." ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. "ಅಂದ್ರೆ ನಿನ್ನಂಥವರು ಇಬ್ಬರು, ಮೇಲೆ ನನ್ನಂಥ ಮುದುಕಿ ಒಬ್ಬಳು. ಅಷ್ಟನ್ನೂ ತಿಂದು ಮಗಳಾಣೆ ಇಟ್ಯಲ್ಲೋ."

"ನನಗೆ ಗೊತ್ತಿರ್ಲಿಲ್ಲ ಅಜ್ಜಿ. ಸಾಹುಕಾರ್ರನ್ನ ಕೇಳು."

"ನನ್ನನ್ನ ಯಾಕೆ ಕೇಳ್ಬೇಕು?" ಎಂದರು ಸಾಹುಕಾರರು ಹೊರಗೆ ಬಂದು, ಅಂಗಡಿಗೆ ಈಗಷ್ಟೇ ಕಾಲಿಟ್ಟವರ ಮುಖ ಮಾಡಿಕೊಂಡು. "ತೂಕ ಹಾಕೋನು ಅವನು. ಹನ್ನೊಂದು ವರ್ಷ ನಂಬಿದ್ದೆ. ಇಷ್ಟಕ್ಕೂ ಅವನನ್ನ ನೋಡಿದ್ರೇ ಗೊತ್ತಾಗಲ್ವಾ ಎಲ್ಲಿಗೆ ಹೋಯ್ತು ಅಂತ?"

ಹೌದಲ್ಲ ಎಂದರು ಸಾಲಿನಲ್ಲಿದ್ದವರು. ಬೆಳಗ್ಗೆ ಬೆನ್ನಿಗೆ ಮೊಣಕಾಲು ಕೊಟ್ಟು ಟ್ಯೂಬು ಕಟ್ಟಿದ್ದ ಅಕ್ಕನೂ ಹೌದಲ್ಲ ಎಂದಳು. ಹಳೇ ಬಕೆಟ್ ತಂದವನು, ಮುರಿದ ಫ್ಯಾನ್ ತಂದವಳು, ಎಲ್ಲರೂ ತಮ್ಮ ತಮ್ಮ ವರ್ಷಗಳನ್ನು ಬೆರಳಲ್ಲಿ ಎಣಿಸುತ್ತಾ ಸುತ್ತ ನೆರೆದರು.

"ನನ್ನದೊಂದು ಲೆಕ್ಕ ಮುಗೀಲಿ, ಆಮೇಲೆ ನಿಮ್ಮದು," ಎಂದಳು ಅಜ್ಜಿ. "ನೀನು ಎಲ್ಲೂ ಹೋಗ್ಬೇಡ."

"ನಾನೆಲ್ಲಿ ಹೋಗ್ಲಿ ಅಜ್ಜಿ?"

ಅಜ್ಜಿಗೆ ಆ ಮಾತಿನ ಮೇಲೂ ನಂಬಿಕೆ ಇರಲಿಲ್ಲ. ಕುಕ್ಕರುಗಾಲಲ್ಲಿ ಕೂತು, ನೆಲದ ಮೇಲೆ ಹರಡಿದ್ದ ಅವನ ಎಡಗಾಲಿನ ಲೇಸನ್ನು ಎಳೆದುಕೊಂಡು, ತಕ್ಕಡಿಯ ಕಬ್ಬಿಣದ ಕಾಲಿಗೆ ಎರಡು ಸುತ್ತು ಸುತ್ತಿ ಬಿಗಿಯಾಗಿ ಗಂಟು ಹಾಕಿದಳು.